ಕಡಲಿಗೆ ಹೆಸರು ಬರೆಯಲು ಹೊರಟವನು

ನಿವೃತ್ತನಾದ ಮೇಲೆ ಮನುಷ್ಯನಿಗೆ ಏನೂ ಆಗುವುದಿಲ್ಲ ಎಂದು ತಿಳಿದವರು ದೋಹಾದಲ್ಲಿ ನನ್ನ ಜೊತೆ ಒಂದು ವಾರ ಇದ್ದು ನೋಡಬೇಕು. ಏನಾದರೊಂದು ಆಗುತ್ತಲೇ ಇರುತ್ತದೆ.

ಭಾವನ ಶುಭೋದಯ

ಕಂಪೆನಿಯ ಕೆಲಸ ಮುಗಿದ ಮೇಲೆ ಮಗನ ವೀಸಾದಲ್ಲಿ ಅಲ್ ಥುಮಾಮಾ ಬಡಾವಣೆಯ ಅವನ ಮನೆಯಲ್ಲಿ ಹೆಂಡತಿಯೊಂದಿಗೆ ಉಳಿದೆ. ಬೆಳಗ್ಗೆ ಮಗ ಆಫೀಸಿಗೆ ಹೋಗುವಾಗ ನನ್ನನ್ನು ಕಡಲ ದಂಡೆಯಲ್ಲಿ ಇಳಿಸುತ್ತಾನೆ. ಚಳಿಗಾಲದ ಮಂಜಿನಲ್ಲಿ ಆಚೆ ದಡದ ಗೋಪುರಗಳಿಗೆ ಬುಡವೇ ಇರುವುದಿಲ್ಲ, ಹತ್ತಿಯ ಮೇಲೆ ಇಟ್ಟಂತೆ ಕಾಣುತ್ತವೆ. ನಮ್ಮೂರಿನ ಮಂಜಿ ದೋಣಿಗಳಂಥ ಮರದ ಹಡಗುಗಳು ನಿದ್ದೆಯಲ್ಲಿ ತೂಗುತ್ತಿರುತ್ತವೆ. ನಾನೂ ಅರ್ಧ ನಿದ್ದೆಯಲ್ಲೇ ಮೊಬೈಲ್ ಎತ್ತಿ ಫೋಟೋ ಹೊಡೆಯುತ್ತೇನೆ. ಎಚ್ಚರವಾಗಿದ್ದು ಹೊಡೆದದ್ದು ಒಂದೂ ಚೆನ್ನಾಗಿ ಬಂದಿಲ್ಲ.

ಇವನ್ನೆಲ್ಲ ಊರವರ ವಾಟ್ಸಾಪ್ ಗುಂಪಿಗೆ ಹಾಕುವುದು. ಅರ್ಧ ಜನ ಇಲ್ಲಿಯವರು, ಅರ್ಧ ಜನ ಊರಿನವರು. ಒಂದು ದಿನ ಉಡುಪಿಯಿಂದ ನನ್ನ ಹೆಂಡತಿಯ ಅಣ್ಣ, ಅಂದರೆ ಭಾವ (ಅವರಿಗೆ ನಾನೂ ಭಾವನೇ), ನನಗೇ ಒಂದು ಚಿತ್ರ ಕಳಿಸಿದರು. ಮಂಜು, ಹಡಗು, ಮೇಲೆ ಗುಲಾಬಿ ಹೂವು, ಶುಭೋದಯ. ನನ್ನದೇ ಫೋಟೋ!

"ಭಾವ, ಇದು ನಾನು ತೆಗೆದದ್ದು" ಎಂದೆ.

"ಬಿಡಿ ಬಿಡಿ, ಇದನ್ನು ಯಾರೋ ಕೆಲಸ ಗೊತ್ತಿದ್ದವರು ತೆಗೆದದ್ದು" ಎಂದರು.

ಅಂದೇ ತೀರ್ಮಾನಿಸಿದೆ. ಇನ್ನು ಪ್ರತಿ ಫೋಟೋದ ಮೇಲೂ ನನ್ನ ಹೆಸರಿನ ವಾಟರ್‌ಮಾರ್ಕ್. ಈ ಭಾವನ ಬಾಯಿಂದ 'ಇದು ನಿಮ್ಮದೇ' ಎಂದು ಹೇಳಿಸದೆ ಬಿಡುವುದಿಲ್ಲ.

ಮೂಲೆಯ ಹೆಸರು

ಮೊದಲು ಕೆಳಗಿನ ಮೂಲೆಯಲ್ಲಿ ಸಣ್ಣಗೆ ಹೆಸರು ಹಾಕಿದೆ. ಮರುದಿನ ಸೂಕ್ ವಾಕಿಫ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಬ್ಯಾರಿ ಗೆಳೆಯರೊಬ್ಬರ ಸ್ಟೇಟಸ್‌ನಲ್ಲಿ ಅದೇ ಫೋಟೋ ಕಂಡಿತು. ಕೆಳಗಿನ ತುಂಡು ಮಾತ್ರ ಇಲ್ಲ. ಅಂಗಡಿಗೇ ಹೋದೆ.

"ಏನು ಸಾಹೇಬರೇ, ನನ್ನ ಹೆಸರು ಎಲ್ಲಿ ಹೋಯಿತು?"

"ಕತ್ತರಿಸಿದೆ ಸಾರ್" ಎಂದರು, ಸ್ವಲ್ಪವೂ ಅಳುಕದೆ. "ಎಂಥ ಚಂದದ ಸಮುದ್ರ ಮಾರಾಯ್ರೆ! ಯಾರೋ ಪೋಕರಿ ಅದರ ಮೇಲೆ ಹೆಸರು ಗೀಚಿದ್ದ."

ಹಡಗು ಬಾಡಿಗೆಗಿದೆ

ಸರಿ, ಕತ್ತರಿಸಲಾಗದ ಹಾಗೆ ನಡುಮಧ್ಯದಲ್ಲಿ ಹೆಸರು ಹಾಕಿದೆ. ಗಟ್ಟಿಯಾಗಿರಲಿ ಎಂದು ಮೊಬೈಲ್ ನಂಬರನ್ನೂ ಸೇರಿಸಿದೆ. ಗಲ್ಫಿನಲ್ಲಿ ಇಷ್ಟು ವರ್ಷ ಇದ್ದವನಿಗೆ ಬುದ್ಧಿ ಬೇಡವೇ? ಇಲ್ಲಿ ಸೋಫಾದ ಫೋಟೋ ಕೆಳಗೆ ನಂಬರ್ ಇದ್ದರೆ ಸೋಫಾ ಮಾರಾಟಕ್ಕೆ, ಮಂಚದ ಕೆಳಗೆ ಇದ್ದರೆ ಮಂಚ ಬಾಡಿಗೆಗೆ.

ಮಧ್ಯಾಹ್ನದೊಳಗೆ ಒಬ್ಬ ಮಲಯಾಳಿ ಫೋನ್ ಮಾಡಿದ. "ಚೇಟ್ಟಾ, ಬೋಟ್ ಶುಕ್ರವಾರ ಖಾಲಿ ಇದೆಯಾ?"

"ಬೋಟ್ ನನ್ನದಲ್ಲಪ್ಪ, ಫೋಟೋ ಮಾತ್ರ ನನ್ನದು."

"ಪರವಾಗಿಲ್ಲ ಚೇಟ್ಟಾ. ಎಷ್ಟು ಜನ ಕೂರಬಹುದು?"

ಸಂಜೆ ನಾನು ಸ್ನಾನಕ್ಕೆ ಹೋದಾಗ ಹೆಂಡತಿ ಫೋನ್ ಎತ್ತಿದ್ದಳು. ಹೊರಗೆ ಬಂದರೆ ಅವಳು ಗಂಭೀರವಾಗಿ ಕೇಳಿದಳು: "ಯಾವುದೋ ದೊಡ್ಡ ಕುಟುಂಬವಂತೆ, ಊಟ ಸೇರಿ ರೇಟು ಹೇಳಿ ಅಂದರು. ಮೀನು ನಾನು ಮಾಡಿಯೇನು, ಹಡಗು ನೀವು ಓಡಿಸ್ತೀರಾ?"

ಬೆಳಕಿನೆಡೆಗೆ

"ನಂಬರ್ ಬೇಡ, ನಿಮ್ಮ ಮುಖವನ್ನೇ ಹಾಕಿ. ಅದನ್ನು ಯಾರೂ ಬಾಡಿಗೆಗೆ ಕೇಳುವುದಿಲ್ಲ" ಎಂದಳು ಹೆಂಡತಿ.

ಹಾಗೇ ಮಾಡಿದೆ. ಗುರುವಾರ ಸಂಜೆ ತೆಗೆದ ಅದ್ಭುತ ಚಿತ್ರ ಅದು: ಬೂದಿ ಬಣ್ಣದ ಕಡಲು, ಮೋಡದ ಸಂದಿಯಿಂದ ಒಂದೇ ಕಿರಣ, ಅದರತ್ತ ಹಾರುವ ಬಿಳಿ ಹಕ್ಕಿಗಳು. ನಡುವೆ ದುಂಡಗೆ ನನ್ನ ಮುಖ, ಅದರಡಿ ಬಿಳಿ ಅಕ್ಷರದಲ್ಲಿ ನನ್ನ ಹೆಸರು, ಮೇಲೆ ಶೀರ್ಷಿಕೆ: 'ಬೆಳಕಿನೆಡೆಗೆ'. ಶುಕ್ರವಾರ ಊಟ ಮಾಡಿ ಅದನ್ನು ಗುಂಪಿಗೆ ಹಾಕಿ, ಫೋನನ್ನು ಸೈಲೆಂಟ್ ಮಾಡಿ ಮಲಗಿದೆ.

ಬಾಗಿಲು ಬಡಿದ ಸದ್ದಿಗೆ ಎದ್ದೆ. ತೆರೆದರೆ ಬಟ್ಟೆ ಅಂಗಡಿಯ ಗೆಳೆಯರು, ಹಿಂದೆ ಇನ್ನಿಬ್ಬರು. ಪರದೇಶದಲ್ಲಿ ಸಾವಾದರೆ ಕಾಗದಪತ್ರಕ್ಕೆ ಮೊದಲು ಓಡುವವರು ಇವರೇ. ತಲೆ ತಗ್ಗಿಸಿಕೊಂಡೇ ಹೇಳಿದರು:

"ನೀವು ಧೈರ್ಯವಾಗಿರಿ. ಪಾಸ್‌ಪೋರ್ಟ್, ಐಡಿ ಕೊಡಿ. ಉಳಿದದ್ದೆಲ್ಲ ನಾವು ಖಲಾಸ್ ಮಾಡ್ತೇವೆ."

"ಯಾರದ್ದು ಸಾಹೇಬರೇ?"

"ಸಾರ್‌ದು…" ಎನ್ನುತ್ತ ತಲೆ ಎತ್ತಿದರು. ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದು ನನ್ನ ಕೈ ಹಿಡಿದು ನೋಡಿ, ಕೊನೆಗೆ ಬೈದರು: "ಬದುಕಿದ್ದೀರಲ್ಲ ಮಾರಾಯ್ರೆ! ಶುಕ್ರವಾರದ ವ್ಯಾಪಾರ ಬಿಟ್ಟು ಬಂದಿದ್ದೇನೆ!"

ಅವರಿಗೆ ಚಾ ಕೊಟ್ಟು ಫೋನ್ ತೆರೆದೆ. ಓಂ ಶಾಂತಿ, ಕೈಮುಗಿದ ಚಿತ್ರ, ಮತ್ತೆ ಓಂ ಶಾಂತಿ. ಆಮೇಲೆ ಭಾವನ ಉದ್ದನೆಯ ಸಂದೇಶ: "ನಮ್ಮ ಭಾವನಂಥ ಛಾಯಾಗ್ರಾಹಕ ಇನ್ನು ಹುಟ್ಟುವುದಿಲ್ಲ. ಆ ಮಂಜಿನ ಕಡಲನ್ನು ತೆಗೆದದ್ದು ಅವರೇ. ಅವರು ಇದ್ದಾಗ ನಾನು ಒಪ್ಪಲಿಲ್ಲ."

ಓದುತ್ತ ಓದುತ್ತ ನಾನು ನೆಲ ಬಿಟ್ಟು ಮೇಲೇರಿದೆ. ಸ್ವರ್ಗ ಎಂದರೆ ಇದೇ ಇರಬೇಕು, ಮೆತ್ತಗೆ, ಬೆಳ್ಳಗೆ, ಎಲ್ಲರೂ ನಮ್ಮನ್ನು ಹೊಗಳುತ್ತ.

"ಅಣ್ಣ ಅಲ್ಲಿ ಅಳ್ತಿರಬಹುದು, ಬದುಕಿದ್ದೀರಿ ಅಂತ ಬೇಗ ಹಾಕಿ!" ಎಂದಳು ಹೆಂಡತಿ.

"ಸ್ವಲ್ಪ ತಾಳು, ಇನ್ನೂ ಇಬ್ಬರು ಟೈಪ್ ಮಾಡ್ತಿದ್ದಾರೆ."

ಅವಳು ಕಣ್ಣು ಕೆಕ್ಕರಿಸಿದಳು. ವಿಧಿಯಿಲ್ಲದೆ ಬರೆದೆ: "ನಾನು ಸುಖವಾಗಿದ್ದೇನೆ. ಭಾವ, ನಿಮ್ಮ ಮಾತಿಗೆ ಧನ್ಯವಾದ."

ಗುಂಪಿನಲ್ಲಿ ಮೊದಲು ಅಲುಗಿದ್ದು ಭಾವನ ಸಂದೇಶ. ಅದು ಇದ್ದ ಜಾಗದಲ್ಲಿ ಈಗ ಒಂದೇ ಸಾಲು: 'ಈ ಸಂದೇಶವನ್ನು ಅಳಿಸಲಾಗಿದೆ.'