ಮಾವನ ಸಣ್ಣ ಸೌಟು

ಹಿಂದೂಪುರದ ನಮ್ಮ ಸೋದರಮಾವ ಪಾಸ್‌ಪೋರ್ಟ್ ಇಲ್ಲದೆಯೇ ಮೂರು ದೇಶ ಸುತ್ತಿದವರು. ಊಟವಾದ ಮೇಲೆ ಮಂಚ, ಮಂಚದ ಮೇಲೆ ಮೊಬೈಲು, ಪ್ರಯಾಣ ಅಷ್ಟೇ. ಕೊರಿಯಾದಲ್ಲಿ ಎಂಜಲನ್ನು ತೂಗಿ ದುಡ್ಡು ಕಟ್ಟಿಸಿಕೊಳ್ಳುತ್ತಾರಂತೆ, ಜಪಾನಿನಲ್ಲಿ ಮಿಕ್ಕಿದ್ದು ಹಂದಿಗಳ ಮೇವಾಗುತ್ತದಂತೆ, ಫ್ರಾನ್ಸಿನ ದೊಡ್ಡ ಅಂಗಡಿಗಳು ತಿನ್ನುವಂಥದ್ದನ್ನು ಎಸೆಯುವಂತಿಲ್ಲವಂತೆ. ಇಷ್ಟು ತಿಳಿದವರು ಸುಮ್ಮನಿರಲು ಸಾಧ್ಯವೇ?

ಮಾವ ತಕ್ಕಡಿ ತಂದು ಮನೆಯವರ ತಟ್ಟೆಗಳನ್ನು ತೂಗತೊಡಗಿದರು. ಮೂರನೆಯ ದಿನ ಹೆಚ್ಚು ತೂಗಿದ್ದು ಅವರದೇ ತಟ್ಟೆ! ಅತ್ತೆಯ ಹಾಗಲಕಾಯಿ ಗೊಜ್ಜು ಪೂರ್ತಿ ಅದರಲ್ಲೇ ಇತ್ತು. ಹಾಗಲಕಾಯಿಗೆ ಕೊರಿಯಾದಲ್ಲಿ ವಿನಾಯಿತಿ ಇದೆ ಎಂದು ಮಾವ ವಾದಿಸಿದರು. ಅತ್ತೆ ಮರುದಿನ ದೊಡ್ಡ ಸೌಟನ್ನು ಅಟ್ಟಕ್ಕೇರಿಸಿ, ಸಣ್ಣದರಲ್ಲಿ ಬಡಿಸಿದರು. ಎಂಜಲು ಮಾಯವಾಯಿತು. ಆವಿಷ್ಕಾರದ ಕೀರ್ತಿ ಮಾತ್ರ ಮಾವನಿಗೇ ಹೋಯಿತು.

ಆಮೇಲೆ ಕಲ್ಯಾಣದುರ್ಗದಲ್ಲಿ ನನ್ನ ತಂಗಿಯ ಮದುವೆ. ಅಡುಗೆಯವರ ಕೈಗೆಲ್ಲ ಮಾವ ಸಣ್ಣ ಸೌಟು ಕೊಟ್ಟು, ಒಬ್ಬಟ್ಟನ್ನು ಅರ್ಧರ್ಧ ಮಾಡಿಸಿದರು. ಕುಂದುರ್ಪಿಯಿಂದ ಬಂದ ಗಂಡಿನ ದೊಡ್ಡಪ್ಪ ಅರ್ಧ ಒಬ್ಬಟ್ಟು ನೋಡಿ ಎಲೆ ಬಿಟ್ಟೆದ್ದರು. ಅವರ ಹಿಂದೆಯೇ ಇಡೀ ಪಂಕ್ತಿ ಏಳುವಂತಿತ್ತು. ಅಮ್ಮ ಗಾಬರಿಯಾದರು. ಮಾವ ಮಾತ್ರ ಒಬ್ಬಟ್ಟಿನ ತಟ್ಟೆ ಹಿಡಿದು ನೇರ ಅವರ ಮುಂದೆ ನಿಂತರು.

"ಅರ್ಧ ಇಕ್ಕಿದ್ದು ನಿಜ ಕಣಪ್ಪ. ಸಾಲ್ದಿದ್ರೆ ಇನ್ನು ಹತ್ತು ಅರ್ಧ ನಾನೇ ಇಕ್ತೀನಿ. ಎಲೆ ಮ್ಯಾಲೆ ಮಾತ್ರ ಬಿಡಂಗಿಲ್ಲ."

ಮಾವನನ್ನು ಸೋಲಿಸಲೆಂದೇ ದೊಡ್ಡಪ್ಪ ಕುಳಿತರು. ಹನ್ನೆರಡು ಅರ್ಧ ಮುಗಿಸಿ, ಎಲೆ ಬರಿದು ಮಾಡಿ, ಇದು ಯಾವ ದೇಶದ ಪದ್ಧತಿ ಎಂದು ತೆಲುಗಿನಲ್ಲಿ ಕೇಳಿದರು: "ಇದಿ ಏ ದೇಶಂ ಪದ್ಧತಿ, ಬಾವಾ?"

"ಮನ ಹಿಂದೂಪುರಂದೇ," ನಮ್ಮ ಹಿಂದೂಪುರದ್ದೇ, ಎಂದರು ಮಾವ, ಕಣ್ಣು ಮಿಟುಕಿಸದೆ.

ಕೈ ತೊಳೆಯುವ ಕಡೆಯ ಎಂಜಲಿನ ಡ್ರಮ್ಮು ಅರ್ಧವೂ ತುಂಬಲಿಲ್ಲ. ಮುಟ್ಟದೆ ಉಳಿದ ಅಡುಗೆಯನ್ನು ಮಾವ ಆಟೋಗೇರಿಸಿ, ನನ್ನನ್ನೂ ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಟರು. ರೋಗಿಗಳ ಕಡೆಯವರಿಗೆ ಬಡಿಸುತ್ತಲೇ ಫ್ರಾನ್ಸಿನ ಕಾಯಿದೆ ವಿವರಿಸತೊಡಗಿದರು. ಮಗಳ ಹೆರಿಗೆಗೆಂದು ಬಂದಿದ್ದ ಮುದುಕಿಯೊಬ್ಬಳು ಎಲ್ಲ ಕೇಳಿಸಿಕೊಂಡು, "ಅದಿರ್ಲಿ, ನೀನು ಉಂಡ್ಯೇನಪ್ಪ?" ಎಂದಳು.

ಮಾವ ಸೌಟು ಕೆಳಗಿಟ್ಟರು. ಬೆಳಗಿನಿಂದ ಅವರು ಒಂದು ತುತ್ತೂ ಉಂಡಿರಲಿಲ್ಲ. ಅಷ್ಟು ಜನರಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಸಹ. ಮುದುಕಿ ಸರಿದು ಚಾಪೆಯಲ್ಲಿ ಜಾಗ ಬಿಟ್ಟಳು. ಮಾವ ಕುಳಿತರು. ಅವಳು ಎಲೆಯೊಂದನ್ನು ಅವರ ಮುಂದಿಟ್ಟು ಅನ್ನ ಕಲಸಿ ಕೊಟ್ಟಳು. ಅರವತ್ತು ದಾಟಿದ ನಮ್ಮ ಮಾವ, ತಲೆ ತಗ್ಗಿಸಿ, ಮಗುವಿನಂತೆ ಉಂಡರು.