ಸೂರ್ಯ ಮುಳುಗದ ಊರಿಗೆ

ಗೋವಾದ ಮ್ಹಾಪಸಾ ಪೇಟೆಯ ಪಾತ್ರೆ ವ್ಯಾಪಾರಿ ಪಾರೀಸಣ್ಣ ಫಿನ್ನಿಷ್ ಭಾಷೆಯ ಬೆನ್ನು ಹತ್ತಿದ್ದಕ್ಕೆ ಮೂಲ ಕಾರಣ ಪಕ್ಕದ ಅಂಗಡಿಯ ಮಿರ್ಚಿ ಬಜ್ಜಿ. ಪಾರೀಸಣ್ಣ ಬೆಳಗಾವಿ ಕಡೆಯ ಜೈನ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವನಲ್ಲ. ಬಜ್ಜಿ ಅಂಗಡಿಯ ಈರೇಶನ ಬಾಣಲೆ ಕಾಯುವುದೋ, ಗಿರಾಕಿಗಳು ನೆರೆಯುವ ದೀಪ ಹಚ್ಚುವ ಹೊತ್ತಿಗೆ. ವರ್ಷಗಟ್ಟಲೆ ಬರೀ ವಾಸನೆ ಉಂಡು ಮಲಗಿದವನಿಗೆ, ಡಬ್ಬಿ ಕೊಳ್ಳಲು ಬಂದ ಉತ್ತರ ಫಿನ್ಲೆಂಡಿನ ಪ್ರವಾಸಿಯೊಬ್ಬ, ಜೂನಿನಲ್ಲಿ ತಮ್ಮ ಊರಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂದುಬಿಟ್ಟ. ಪಾರೀಸಣ್ಣನ ಹೊಟ್ಟೆಯಲ್ಲಿ ಸೂರ್ಯೋದಯವಾಯಿತು.

ಬೆಳಗಾವಿಯ ಜೈನ ಸಮಿತಿಯೊಂದು ಅದೇ ಸೀಮೆಗೆ ಹದಿನೈದು ದಿನದ ಧರ್ಮಪ್ರಚಾರಕ್ಕೆ ಜನ ಹುಡುಕುತ್ತಿದೆ, ಪ್ರಯಾಣ ಜೂನಿನಲ್ಲಿ ಎಂದು ಕೇಳಿದ್ದೇ ತಡ, ಹೆಸರು ಕೊಟ್ಟ. ಶಾಲೆಯಲ್ಲಿ ಕನ್ನಡದ ವಿಭಕ್ತಿಗಳಿಗೇ ಬೆವರಿದ್ದವನಿಗೆ ಫಿನ್ನಿಷ್ ಹದಿನೈದು ವಿಭಕ್ತಿ ಹಿಡಿದು ಎದುರು ನಿಂತಿತು. ಅಹಿಂಸೆ, ಅಪರಿಗ್ರಹಗಳ ಶಬ್ದ ತಲೆಯಲ್ಲಿ ನಿಲ್ಲಲಿಲ್ಲ. ಬ್ರೆಡ್ಡಿಗೆ ಲೇಪಾ, ಗಂಜಿಗೆ ಪೂರೊ ಎಂಬುವು ಮಾತ್ರ ಬೆಲ್ಲಕ್ಕೆ ಇರುವೆಯಂತೆ ಅಂಟಿದವು. ಜೊತೆಗೆ, ಉಂಡ ಮೇಲೆ ಹೇಳಲು, ಕೀಟೋಸ್. ಅಂದರೆ ಧನ್ಯವಾದ.

ಸಮಿತಿಯ ಅಧ್ಯಕ್ಷ ಭೂಪಾಲಪ್ಪನವರು ಪರೀಕ್ಷೆ ಮಾಡಲು ಬರುವ ದಿನ ಪಾರೀಸಣ್ಣ ಕಾದ ಎಣ್ಣೆಗೆ ಬಿದ್ದ ಸಾಸಿವೆಯಾಗಿದ್ದ. ಎದುರಿನ ಹೂವಿನ ಚಂಪಾಬಾಯಿ ಅವನ ಉರು ಹೊಡೆತ ಕೇಳಿ ಎದ್ದು ಬಂದಳು.

"ತಮ್ಮಾ, ನಿನ್ನ ನಾಲಿಗಿ ದಪ್ಪ ಐತಿ. ಕೂಸಿಗೆ ಮಾತು ಬರ್ಲಿ ಅಂತ ಬಜೆ ಬೇರು ತೇದು ಹಚ್ಚತೇವಲ್ಲ, ನಿನಗೂ ಅದ ಬೇಕು. ಬಾಯಿ ಆ ಮಾಡು."

"ಅಕ್ಕಾರ, ನಾ ಏನು ಕೂಸೇನ್ರಿ?"

"ಅದಕ್ಕ ಇಡೀ ಬೇರು ತೇದು ತಂದೇನಿ!"

ಹಚ್ಚುತ್ತಲೇ ನಾಲಿಗೆ ಮರಗಟ್ಟಿತು. ಈರೇಶ ಓಡಿ ಬಂದು, "ಇದಕ್ಯಾಕ ಚಿಂತಿ? ಖಾರ ಬಿದ್ರ ತಾನ ಎಚ್ಚರ ಆಕ್ಕೈತಿ" ಎಂದು ಹಸಿ ಮೆಣಸಿನಕಾಯಿ ಕಡಿಸಿದ. ನಾಲಿಗೆ ಎಚ್ಚರವಾಗಲಿಲ್ಲ, ಊದಿತು. ಮೀನು ಮಾರುವ ಸಾಬೀರ ತನ್ನ ಬುಟ್ಟಿಯಿಂದಲೇ ಐಸು ತೆಗೆದು ಹಿಡಿದಾಗ ಪಾರೀಸಣ್ಣ ಪಾತ್ರೆಗಳ ಗುಡ್ಡೆಯ ಮೇಲೆ ಹಾರಿ ಬಿದ್ದ. ಆ ಸಪ್ಪಳ ನಿಲ್ಲುವ ಮೊದಲೇ ಭೂಪಾಲಪ್ಪನವರು ಹೊಸ್ತಿಲು ದಾಟಿದರು.

"ಹೇಳಪಾ, ಯಾಕ ಹೋಗಬೇಕಂತಿ?"

ಪಾರೀಸಣ್ಣನ ಬಾಯಿಂದ ಜೊಲ್ಲಷ್ಟೇ ಬಂತು. ಹೆಂಡತಿ ತ್ರಿಶಲಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅವರು ಹೇಳಿಕೊಳ್ಳೂ ಪೈಕಿ ಅಲ್ರಿ. ಬಗಲಾಗ ಬಜ್ಜಿ ಅಂಗಡಿ ಐತಿ, ಆದ್ರ ಲಗ್ನ ಆದಾಗಿಂದ ಹೊತ್ತು ಮುಳುಗಿದ ಮ್ಯಾಲೆ ಒಂದ ಕಾಳು ಮುಟ್ಟಿಲ್ಲ. ಒಂದ ದಿವಸ ಆಸೇನೂ ಪಟ್ಟಿಲ್ಲ."

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. "ಇಂಥಾವನ್ನ ಜೂನದಾಗ ಕಳಸೂದು ಅನ್ಯಾಯ ಆಕ್ಕೈತಿ. ಜೂನಕ್ಕ ಈಗ ಮಂದಿ ಕ್ಯೂ ಹಚ್ಚ್ಯಾರ. ಡಿಸೆಂಬರ ತಂಡಕ್ಕ ಒಬ್ಬಾಂವ ಸಿಗವಲ್ಲ. ಆವಾಗ ಆ ಊರಾಗ ಸೂರ್ಯಾನ ಹುಟ್ಟೂದಿಲ್ಲ. ಹದಿನೈದ ದಿವಸ ನಿರಾಹಾರ ಇದ್ದು ಪ್ರವಚನ ಮಾಡೂ ಗಟ್ಟಿ ಮನಿಷಾ ಬೇಕಿತ್ತು. ಸಿಕ್ಕ!"

ಪಾರೀಸಣ್ಣ ಎರಡೂ ಕೈ ಆಡಿಸಿದ. 'ಬ್ಯಾಡ್ರಿ' ಎನ್ನಲು ಬಾಯಿ ತೆರೆದ. ಊದಿದ ನಾಲಿಗೆ ತನಗೆ ರೂಢಿಯಾದ ಒಂದೇ ಮಾತಿಗೆ ಹೊರಳಿತು.

"ಕೀ... ಟೋಸ್."

"ಹಂಗಂದ್ರ?"

"ಧನ್ಯವಾದ ಅಂತ್ರಿ" ಎಂದಳು ತ್ರಿಶಲಾ ಹೆಮ್ಮೆಯಿಂದ.

ಪೇಟೆಯೆಲ್ಲ ಚಪ್ಪಾಳೆ ತಟ್ಟಿತು. ಈರೇಶನಂತೂ ಖುಷಿಗೆ ಹುಟ್ಟಿದಾಗಿನಿಂದ ಮಾಡದ್ದನ್ನು ಮಾಡಿದ: ಬಿಸಿಲು ಇರುವಾಗಲೇ ಬಾಣಲೆ ಇಟ್ಟು ಬಜ್ಜಿ ಕರಿದು ತಂದ. "ತಗೋ ಪಾರೀಸಣ್ಣಾ, ಹೊತ್ತು ಇನ್ನೂ ಐತಿ!"

ಪಾರೀಸಣ್ಣ ಒಂದನ್ನು ತುಟಿಗೆ ತಾಗಿಸಿ, ಉರಿ ತಾಳದೆ ಕೆಳಗಿಟ್ಟ.

"ನೋಡ್ರಿ, ಹಗಲ ಹೊತ್ತಿನ್ಯಾಗೂ ಆಸೆ ಇಲ್ಲ!" ಎಂದು ಭೂಪಾಲಪ್ಪನವರು ಭಕ್ತಿಯಿಂದ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಕೊನೆಯ ಬಜ್ಜಿ ಅವರ ಬಾಯಿ ಸೇರುವುದಕ್ಕೂ ಸೂರ್ಯ ಪೇಟೆಯ ತಗಡಿನ ಚಾವಣಿಯ ಹಿಂದೆ ಇಳಿಯುವುದಕ್ಕೂ ಸರಿಹೋಯಿತು.