ಗಿಳಿಯಲ್ಲಿಟ್ಟ ಲೆಕ್ಕ

ಹಿಂದೂಪುರದ ತಿರುಮಲೇಶನ ಹಳೆ ಕಂಪ್ಯೂಟರಿನ ಡಿಸ್ಕು ರಾಗಿ ಬೀಸುವ ಕಲ್ಲಿನಂತೆ ಗರಗರ ಎನ್ನುತ್ತಿದ್ದುದೇ ಎಲ್ಲಕ್ಕೂ ಮೂಲ. ಲೋಕದ ಸಾವಿರಾರು ಕಂಪ್ಯೂಟರುಗಳು ಹಂಚಿಕೊಂಡು ಮಾಡುವ ಒಂದು ಮಹಾ ಲೆಕ್ಕದಲ್ಲಿ ಅವನದೂ ಒಂದು ಪಾಲಿತ್ತು. ಆ ಸದ್ದಿಗೆ ಪಕ್ಕದ ಮನೆಯ ಮುನೆಮ್ಮಜ್ಜಿ ಗೋಡೆ ಗುದ್ದತೊಡಗಿದಾಗ, ಅವನು ಇಡೀ ಲೆಕ್ಕವನ್ನೇ ಡಿಸ್ಕಿನಿಂದ ಎತ್ತಿ ಮೆಮೊರಿಯಲ್ಲಿ ಕೂರಿಸಿದ. ಸದ್ದಡಗಿತು. ಆದರೆ ಅದು ಅಜ್ಜಿಕತೆಯ ರಾಕ್ಷಸ ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ಹಾಗೆ. ಕಂಪ್ಯೂಟರ್ ಆರಿದರೆ ಗಿಳಿಯೂ ಇಲ್ಲ, ಲೆಕ್ಕವೂ ಇಲ್ಲ.

ಪಾಲು ಇವತ್ತು ಸಂಜೆಯೊಳಗೆ ಮುಗಿಯಬೇಕು, ತಪ್ಪಿದರೆ ಬೇರೆಯವರಿಗೆ ಹೋಗುತ್ತದೆ. ಕಲ್ಯಾಣದುರ್ಗದ ಸೋದರಮಾವನ ಮಗ ಬಾಲಾಜಿ ಆಗಲೇ ತನ್ನ ಪಾಲು ಮುಗಿಸಿ, "ಏಮಿರಾ ಬಾವಾ, ಹಿಂದೂಪುರ ಇನ್ನೂ ನಿದ್ದೇಲೇ ಐತಾ?" ಎಂದು ದಿನಾ ಫೋನಿನಲ್ಲಿ ಆಡಿಕೊಳ್ಳುತ್ತಿದ್ದ.

ಇಂಥಾ ದಿನವೇ ಆಯುಧಪೂಜೆ ಬರಬೇಕೇ?

"ಆರಿಸೋ ಅದನ್ನ," ಎಂದಳು ತಾಯಿ ಕೊಂಡಮ್ಮ. "ಇವತ್ತು ಯಂತ್ರ ದುಡೀಬಾರ್ದು ಕಣಪ್ಪ."

"ನಿಲ್ಸಂಗಿಲ್ಲಮ್ಮ, ಲೆಕ್ಕ ಓಡ್ತೈತೆ."

"ಯಾರ್ ಲೆಕ್ಕ?"

"ಎಲ್ಲಾರ್ದೂ."

"ಏನ್ ಕೊಡ್ತಾರೆ?"

"ಏನೂ ಇಲ್ಲ."

ಕೊಂಡಮ್ಮ ಮಗನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ತಿರುಮಲೇಶ ಪರದೆಯನ್ನು ಮಾತ್ರ ಆರಿಸಿದ, ಪೆಟ್ಟಿಗೆಯ ಪುಟ್ಟ ದೀಪಕ್ಕೆ ಅರಿಶಿನ ಮೆತ್ತಿದ. ನೋಡುವವರಿಗೆ ಯಂತ್ರ ಮಲಗಿತು. ಒಳಗೆ ಗಿಳಿ ಎಚ್ಚರವಾಗಿತ್ತು. ಈ ಉಪಾಯ ಹೊಟ್ಟೆಯಲ್ಲಿ ನಿಲ್ಲದೆ ಬಾಲಾಜಿಗೆ ಫೋನು ಮಾಡಿ ಹೇಳಿಯೂಬಿಟ್ಟ.

"ಶಭಾಷ್ ಬಾವಾ!" ಎಂದ ಬಾಲಾಜಿ.

ಮಧ್ಯಾಹ್ನ ಎದುರುಮನೆಯ ಕೇಶವಯ್ಯ ಸೀರಿಯಲ್ ಲೈಟಿನ ಸರ ಹಿಡಿದು ಬಂದರು. "ಹೆಂಗೂ ನಿನ್ ಮಿಷನ್ ಮಲಗೈತಲ್ಲ, ಇದರ ಪ್ಲಗ್ ಕಿತ್ತು ನಂದು ಹಾಕ್ಲಾ?"

ತಿರುಮಲೇಶ ಓಡಿಬಂದು ಪ್ಲಗ್ಗಿನ ಮುಂದೆ ಉದ್ದುದ್ದ ಬಿದ್ದ.

"ಭಕ್ತಿ ಅಂದ್ರೆ ಇದಪ್ಪಾ!" ಎಂದು ಕೇಶವಯ್ಯ ತಾವೂ ಕೈಮುಗಿದು ಹೋದರು.

ಸಂಜೆ ಮಂಗಳಾರತಿಯ ಹೊತ್ತಿಗೆ ಲೆಕ್ಕ ಚೂರೇ ಚೂರು ಉಳಿದಿತ್ತು. ತಿರುಮಲೇಶ ಆರತಿಯನ್ನು ಕಣ್ಣಿಗೊತ್ತಿಕೊಂಡು ಕಣ್ಣು ಮುಚ್ಚಿದ. ಅಷ್ಟರಲ್ಲಿ ಪೂಜೆಗೆ ಬಂದಿದ್ದ ಮುನೆಮ್ಮಜ್ಜಿ ಮುಂದೆ ಬಗ್ಗಿ, ಪೆಟ್ಟಿಗೆಯ ಗುಂಡಿಯನ್ನು "ಗೋವಿಂದಾ, ಗೋವಿಂದಾ" ಎನ್ನುತ್ತ ಒತ್ತಿ ಹಿಡಿದಳು. ಫ್ಯಾನಿನ ಸಣ್ಣ ಉಸಿರು ನಿಂತಿತು.

"ಅಜ್ಜೀ! ಏನ್ ಮಾಡ್ಬುಟ್ಟೆ?"

"ಎಬ್ಬಿಸ್ದೆ ಕಣ್ಲಾ. ಪೂಜೆ ಆದ್ಮ್ಯಾಲೆ ಒಂದ್ ಕಿತ ಶುರು ಮಾಡ್ಬೇಕಂತಲ್ಲ. ಇದ್ಯಾಕೋ ಏಳ್ತಾನೇ ಇಲ್ಲ!"

"ಹಂಗಂತ ಯಾರ್ ಹೇಳಿದ್ರು?"

"ನಿನ್ ಬಾವ ಬಾಲಾಜಿ. ಕಲ್ಯಾಣದುರ್ಗದಿಂದ ಫೋನ್ ಮಾಡಿದ್ದ. 'ಗೋವಿಂದ ಅನ್ಕೊಂತ ಚೆನ್ನಾಗಿ ಒತ್ತಿ ಹಿಡ್ಕೋ ಅಜ್ಜಿ, ಬಾವಂಗೆ ಒಳ್ಳೇದಾಗ್ಲಿ' ಅಂದ. ಪಾಪ, ನಿನ್ ಮ್ಯಾಲೆ ಎಷ್ಟ್ ಪ್ರೀತಿ!"

ಕೊಂಡಮ್ಮ ಮತ್ತೆ ಮಗನ ಹಣೆ ಮುಟ್ಟಿ ನೋಡಿದಳು. ಈ ಸಲ ಸುಡುತ್ತಿತ್ತು.